ಕೆಳಗಿನ ಗೆರೆ

ಅಜರುದ್ದೀನನಿಗೆ ಬಲಗಿವಿ ಕೇಳಿಸುತ್ತಿರಲಿಲ್ಲ.

ಹುಟ್ಟಿನಿಂದ ಹಾಗಿರಲಿಲ್ಲ. ಬಳ್ಳಾರಿ ಹೊರಗಿನ ಒಂದು ಅದಿರು ಯಾರ್ಡಿನಲ್ಲಿ ಅವನು ಲೋಡರ್ ಓಡಿಸುತ್ತಿದ್ದ. ಎರಡು ವರ್ಷದ ಹಿಂದೆ, ಮಿತಿಮೀರಿ ತುಂಬಿದ ಲಾರಿಯೊಂದರ ಟೈರು ಅವನ ಬಲಕ್ಕೆ ಒಂದು ಮಾರು ದೂರದಲ್ಲಿ ಸಿಡಿಯಿತು. ಕಿವಿಯಿಂದ ರಕ್ತ ಬಂತು. ಸೂಪರ್‌ವೈಸರ್ ಹತ್ತಿ ಕೊಟ್ಟು ಮನೆಗೆ ಹೋಗಿ ಮಲಗು ಅಂದ. ಕೆಲವು ದಿನ ಕಿವಿಯೊಳಗೆ ಯಾರೋ ಸೀಟಿ ಊದುತ್ತಲೇ ಇದ್ದರು. ಆಮೇಲೆ ಅದು ನಿಂತಿತು. ಸೀಟಿ ನಿಂತಿದ್ದರಿಂದ ಗುಣವಾಯಿತು ಎಂದು ಅಜರುದ್ದೀನ್ ತೀರ್ಮಾನಿಸಿದ. ಸ್ವಲ್ಪ ಮಂದವಾಗಿದೆ, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡ. ಬೇರೆ ಯಾರಿಗೂ ಅಷ್ಟನ್ನೂ ಹೇಳಲಿಲ್ಲ.

ಹೇಳುವಂತಿರಲಿಲ್ಲ. ಕಂಪನಿಯವರು ವರ್ಷಕ್ಕೊಮ್ಮೆ ಕಣ್ಣು, ಕಿವಿ ಪರೀಕ್ಷೆ ಮಾಡಿಸುತ್ತಿದ್ದರು. ಆಳುಗಳ ಮೇಲಿನ ಪ್ರೀತಿಗಲ್ಲ. ಕಿವಿ ಕೇಳದವನು ಲೋಡರನ್ನು ಹಿಂದಕ್ಕೆ ತೆಗೆಯುವಾಗ ಯಾರನ್ನಾದರೂ ಅರೆದರೆ ಕೇಸು ಬೀಳುತ್ತದೆ. ಹೋದ ವರ್ಷ ಇಬ್ಬರನ್ನು ಅದೇ ಕಾರಣಕ್ಕೆ ಗೇಟಿನ ಹೊರಗೆ ಕಳಿಸಿದ್ದರು. ಅವರ ಕಿವಿಯನ್ನು ತಿಂದದ್ದು ಇದೇ ಯಾರ್ಡಿನ ಕ್ರಷರ್ ಎಂದು ಯಾರೂ ಬರೆದುಕೊಳ್ಳಲಿಲ್ಲ. ಅಜರುದ್ದೀನ್ ಪಾಸಾದ. ನರ್ಸಮ್ಮ ಸದ್ದಿನ ಗುಂಡಿ ಒತ್ತುವಾಗ ಅವಳ ಮೊಣಕೈ ಅಲುಗುವುದು ಎದುರಿನ ಬೀರುವಿನ ಗಾಜಿನಲ್ಲಿ ಕಾಣುತ್ತಿತ್ತು. ಅಲುಗಿದಾಗಲೆಲ್ಲ ಅವನು ಕೈ ಎತ್ತಿದ.

ಅವನ ಹೆಂಡತಿ ಖುಷ್ಬೂಗೆ ಬೇರೆಯೇ ಅನುಮಾನವಿತ್ತು. ಕೌಲ್ ಬಜಾರಿನ ಬಾಡಿಗೆ ಮನೆಯಲ್ಲಿ ಅವಳು ಅವನ ಬಲಕ್ಕೆ ಕೂತು ಏನಾದರೂ ಹೇಳಿದರೆ ಅವನು ಗೋಡೆ ನೋಡುತ್ತಿದ್ದ.

“ಯಾರ್ಡಿನಾಗ ನೌಕರಿ ಸಿಕ್ಕ ಮ್ಯಾಲ ನಮ್ಮ ಮಾತು ನಿಮ್ಮ ಕಿವಿಗೆ ಹತ್ತಂಗಿಲ್ಲ ಬಿಡ್ರಿ,” ಅಂತ ಎದ್ದು ಎದುರಿಗೆ ಬಂದು ಅನ್ನುತ್ತಿದ್ದಳು.

“ಉತ್ತರ ಕೊಡುವಂಥಾ ಮಾತಾಡು, ಕೊಡ್ತೀನಿ,” ಅನ್ನುತ್ತಿದ್ದ ಅವನು. ಕಿವುಡ ಎನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವನು ಎನ್ನಿಸಿಕೊಳ್ಳುವುದು ಅವನಿಗೆ ಲೇಸಾಗಿ ಕಂಡಿತ್ತು.

ಹಾಡು ಕೇಳುವುದು ಅವನಿಗಿದ್ದ ಒಂದೇ ಚಟ. ಕುಡಿಯುತ್ತಿರಲಿಲ್ಲ, ಇಸ್ಪೀಟಿಗೆ ಕೂರುತ್ತಿರಲಿಲ್ಲ. ಇಡೀ ದಿನ ಕ್ರಷರ್ ಒದರುವುದನ್ನು ಕೇಳಿ ಬಂದವನು ಸ್ನಾನ ಮಾಡಿ, ದೊಡ್ಡ ಹೆಡ್‌ಫೋನ್ ಏರಿಸಿ, ಜೋಡಿಸಿ ತಂದ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಆದರೆ ಆ ಕಂಪ್ಯೂಟರಿನಲ್ಲಿ ಹಾಡಿನ ಜೊತೆ ಕಂಪ್ಯೂಟರನ್ನೂ ಕೇಳಬೇಕಿತ್ತು. ಒಳಗೊಂದು ಗುಂಯ್ ಅನ್ನುವ ಸದ್ದು. ಮೌಸ್ ಸರಿಸಿದರೆ ಕರ್ ಕರ್. ಸಾಲದ್ದಕ್ಕೆ ಬಲಗಡೆ ಏನೂ ಬರುತ್ತಿರಲಿಲ್ಲ. ಕಂಪ್ಯೂಟರಿನ ಬಲಗಡೆ ಕೆಟ್ಟಿದೆ ಎಂದು ಅವನು ಅಂದುಕೊಂಡ.

ಕಂಪ್ಯೂಟರ್ ಜೋಡಿಸಿಕೊಟ್ಟ ಮುಜಾಫರ್ ಅದಕ್ಕೆ ಔಷಧಿ ಹೇಳಿದ. ಬೆಂಗಳೂರಿನಿಂದ ತರಿಸಿದ ಒಂದು ಕರಿ ತಗಡಿನ ಡಬ್ಬಿ. ಅಂಗೈಯಲ್ಲಿ ಹಿಡಿಸುವಷ್ಟು. ಹಿಂದೆ ಯುಎಸ್‌ಬಿ ತೂತು, ಮುಂದೆ ಹೆಡ್‌ಫೋನಿನ ತೂತು ಮತ್ತು ದನಿ ಏರಿಸಲು ಒಂದು ತಿರುಗುಣಿ.

“ಪವರ್ ಸಪ್ಲೈ, ಫ್ಯಾನು, ಡಿಸ್ಕು, ಎಲ್ಲಾರೂ ಒದರೋ ಮನ್ಯಾಗ ಹಾಡು ಹುಟ್ಟಿದ್ರ ಹೆಂಗಿರತೈತಲೇ?” ಅಂದ ಮುಜಾಫರ್. “ಈ ಡಬ್ಬಿ ಕಂಪ್ಯೂಟರಿನಿಂದ ಬರೇ ಅಂಕಿ ತಗೊಂತೈತಿ. ಅಂಕೀನ ಹಾಡು ಮಾಡೋದು ಹೊರಗ, ತಾನ ಮಾಡತೈತಿ. ಅದನ್ನ ದೊಡ್ಡ ಹೆಡ್‌ಫೋನಿಗೆ ತಳ್ಳೋ ತಾಕತ್ತೂ ಇದರಾಗ ಐತಿ. ಹಾಕ್ಕೊಂಡು ನೋಡು, ಆಮ್ಯಾಲ ಬೈ.”

ಅಜರುದ್ದೀನ್ ಮನೆಗೆ ಒಯ್ದು ಸಿಕ್ಕಿಸಿದ. ಗುಂಯ್ ಸದ್ದು ಹೋಗಿತ್ತು. ಮೌಸ್ ಸರಿಸಿದ, ಕರ್ ಕರ್ ಇಲ್ಲ. ವರ್ಷಗಟ್ಟಲೆ ಕೇಳಿದ ಹಾಡುಗಳಲ್ಲಿ ಹಾರ್ಮೋನಿಯಂ ತಿದಿ ಉಸಿರೆಳೆಯುವುದು ಕೇಳಿತು. ಹಾಡುವವನು ಸಾಲಿನ ಕೊನೆಯಲ್ಲಿ ತುಟಿ ಕೂಡಿಸುವುದು ಕೇಳಿತು. ಇಷ್ಟು ದಿನ ಇವನ್ನೆಲ್ಲ ಯಾರು ಮುಚ್ಚಿಟ್ಟಿದ್ದರು ಎಂದು ಅವನಿಗೆ ಸಿಟ್ಟೇ ಬಂತು. ಆದರೆ ಅದೆಲ್ಲ ಎಡಕ್ಕೆ. ಬಲಕ್ಕೆ ಏನೂ ಇರಲಿಲ್ಲ.

ಮರುದಿನ ಡಬ್ಬಿಯನ್ನೂ ಹೆಡ್‌ಫೋನನ್ನೂ ಮುಜಾಫರನ ಟೇಬಲ್ಲಿನ ಮೇಲೆ ಕುಕ್ಕಿದ.

“ಬಲಗಡೆ ಸತ್ತೈತಿ. ಸತ್ತ ಮಾಲು ಕೊಟ್ಟೀದಿ.”

ಮುಜಾಫರ್ ಹಾಕಿಕೊಂಡು ಕೇಳಿದ. ತಲೆ ಆಡಿಸಿದ. “ಎರಡೂ ಕಡಿ ಬರಾಕತ್ತೈತಿ.”

“ನನಗ ಬರವಲ್ದು.”

ಮುಜಾಫರ್ ಅವನ ಮುಖ ನೋಡಿದ. ಯಾರ್ಡಿನ ಜನ ಅವನ ಅಂಗಡಿಗೆ ಬಹಳ ಬರುತ್ತಿದ್ದರು. ಮೊಬೈಲನ್ನು ಯಾವಾಗಲೂ ಒಂದೇ ಕಿವಿಗೆ ಹಿಡಿಯುವವರನ್ನು ಅವನು ನೋಡಿದ್ದ. ಮೆತ್ತಗೆ ಹೇಳಿದ: “ಒಮ್ಮಿ ತಿರುವಿ ಹಾಕ್ಕೋ.”

“ನನಗ ಹುಚ್ಚು ಹಿಡಿದೈತೇನು? ಎಲ್ ಅಂತ ಬರ್ದಿದ್ದು ಎಡಕ್ಕ, ಆರ್ ಅಂತ ಬರ್ದಿದ್ದು ಬಲಕ್ಕ. ಅಷ್ಟು ಓದಾಕ ಬರತೈತಿ ನನಗ.”

“ತಿರುವಿ ಹಾಕ್ಕೋ ಅಂದೆ. ಸುಡಂಗಿಲ್ಲ ಅದು.”

“ನಿನ್ನ ಮಾಲಿಗಿಂತ ನನ್ನ ಕಿವಿ ಚಲೋ ಅದಾವ,” ಅಂದು ಅಜರುದ್ದೀನ್ ಎರಡನ್ನೂ ಎತ್ತಿಕೊಂಡು ಹೊರಟ.

ಹೆಡ್‌ಫೋನ್ ತಿರುವಿ ಹಾಕಿಕೊಂಡಿದ್ದರೆ ಒಂದು ಕ್ಷಣದಲ್ಲಿ ಗೊತ್ತಾಗುತ್ತಿತ್ತು. ಅವನು ಮನೆಯಲ್ಲೂ ತಿರುವಿ ಹಾಕಿಕೊಳ್ಳಲಿಲ್ಲ. ಮುಜಾಫರ್ ಯಾರಿಗೂ ಏನೂ ಹೇಳಲಿಲ್ಲ. ಗಿರಾಕಿಯ ಕಿವಿ ಅವನ ಧಂದೆಯಲ್ಲ.

ಅದು 2009. ಆ ವರ್ಷ ಪೀರಲ ಹಬ್ಬ, ಅಂದರೆ ಮೊಹರಂ, ಎರಡು ಸಲ ಬಂತು, ಜನವರಿಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ. ಅಜರುದ್ದೀನನ ಊರು ಕುರುಗೋಡಿನಲ್ಲಿ ಹಬ್ಬದ ದಿನಗಳಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಕರ್ಬಲಾ ಕಥೆಯ ರಿವಾಯತ್ ಪದ ಹಾಡುತ್ತಾರೆ. ಒಬ್ಬ ಸವಾಲು ಹಾಕುತ್ತಾನೆ, ಇನ್ನೊಬ್ಬ ಜವಾಬು ಕೊಡುತ್ತಾನೆ. ತಲೆಮಾರಿನಿಂದ ಸವಾಲು ಅಜರುದ್ದೀನನ ಮನೆತನದ್ದು, ಜವಾಬು ದೊಡ್ಡಬಸಪ್ಪನ ಮನೆತನದ್ದು. ಅಜರುದ್ದೀನನ ಅಪ್ಪ ಇಮಾಮಸಾಬ್ ಪಾತ್ರೆಗೆ ಕಲಾಯಿ ಹಾಕುವವ. ದೊಡ್ಡಬಸಪ್ಪನದು ಹಿಟ್ಟಿನ ಗಿರಣಿ. ಇಬ್ಬರೂ ಪದಗಳನ್ನು ಬರೆದಿಟ್ಟವರಲ್ಲ. ಸವಾಲಿನವನು ಜವಾಬು ಕಲಿಯಬಾರದು, ಜವಾಬಿನವನು ಸವಾಲು ಕಲಿಯಬಾರದು ಎಂಬ ಕಟ್ಟು ಬೇರೆ ಇತ್ತು. ಹೀಗಾಗಿ ಒಂದು ಮನೆಯವರಿಗೆ ಗೊತ್ತಿದ್ದದ್ದು ಇನ್ನೊಂದು ಮನೆಯವರಿಗೆ ಗೊತ್ತಿರಲಿಲ್ಲ.

ಇಮಾಮಸಾಬ್ ಮೊದಲು ಸತ್ತ. ಮಗ ಸವಾಲು ಹಿಡಿದ. ಮರುವರ್ಷ ದೊಡ್ಡಬಸಪ್ಪ ಗಿರಣಿಯಲ್ಲೇ ಎದೆ ಹಿಡಿದು ಕೂತು ಸತ್ತ. ಅವನ ಮಗ ಅಮರೇಶ್ ಸಿರುಗುಪ್ಪದ ಒಂದು ರೈಸ್ ಮಿಲ್ಲಿನ ಆಫೀಸಿನಲ್ಲಿದ್ದ, ಒಂದು ಜವಾಬನ್ನೂ ಪೂರ್ತಿ ಕಲಿತಿರಲಿಲ್ಲ. ಆ ಜನವರಿಯ ಹಬ್ಬದಲ್ಲಿ ಅಜರುದ್ದೀನ್ ಸವಾಲು ಹಾಕಿದ. ಎದುರಿಗೆ ಅಮರೇಶ್ ಎರಡು ಸಾಲು ಹೇಳಿ ನಿಂತ. ಹಲಗೆಯವನು ಸ್ವಲ್ಪ ಹೊತ್ತು ಬಡಿದು ಅವನೂ ನಿಂತ. ಹಿಂದಿನಿಂದ ಯಾರೋ, “ಅಕ್ಕಿ ರೇಟು ಕೇಳ್ರೋ, ಅದಕ್ಕ ಜವಾಬು ಕೊಡ್ತಾನ,” ಅಂದರು. ಜನ ನಕ್ಕರು. ಅಮರೇಶನಿಗೆ ಆ ನಗು ವರ್ಷವಿಡೀ ಇಳಿಯಲಿಲ್ಲ.

ಜವಾಬುಗಳು ಉಳಿದದ್ದು ಒಂದೇ ಕಡೆ. ಅಮರೇಶನ ಸೋದರಮಾವ ಹದಿನೇಳು ವರ್ಷದ ಹಿಂದೆ ಗಲ್ಫಿನಿಂದ ತಂದಿದ್ದ ಟೇಪ್ ರೆಕಾರ್ಡರಿನಲ್ಲಿ ಇಬ್ಬರನ್ನೂ ಕೂರಿಸಿ ಹಾಡಿಸಿದ್ದ. ಎರಡು ಮೈಕು, ಒಬ್ಬೊಬ್ಬರ ಕೈಗೆ ಒಂದೊಂದು. ಹನ್ನೊಂದು ಕ್ಯಾಸೆಟ್ಟು. ಅವು ಸಿರುಗುಪ್ಪದಲ್ಲಿ ಆ ಮಾವನ ಮನೆಯ ಅಟ್ಟದಲ್ಲಿ, ಒಲೆಯ ಮೇಲೆ, ಹೊಗೆ ಕುಡಿಯುತ್ತ ಬಿದ್ದಿದ್ದವು.

ಅಮರೇಶ್ ಅವನ್ನು ಅಕ್ಕಿ ಚೀಲದಲ್ಲಿ ಸುತ್ತಿ ಮೋಕದ ಮೇಲಿಂದ ಬರುವ ಬಸ್ಸಿನಲ್ಲಿ ಬಳ್ಳಾರಿಗೆ ತಂದ.

“ನಿನ್ನ ಹತ್ರ ಕಂಪ್ಯೂಟರ್ ಐತಿ, ಅದೇನೋ ಡಬ್ಬೀನೂ ತಂದೀದಿ ಅಂತ,” ಅಂದ. “ಇವನ್ನ ಅದಕ್ಕ ಇಳಿಸಿಕೊಡು. ಡಿಸೆಂಬರಿಗೆ ನಾನು ಬಾಯಿ ತೆಗೀಬೇಕು. ಇಲ್ಲಂದ್ರ ನಮ್ಮವ್ವ ನನ್ನ ಮನಿ ಒಳಗ ಬಿಡಂಗಿಲ್ಲ. ಆಕಿಗೆ ಒಮ್ಮೆ ನಮ್ಮಪ್ಪನ ದನಿ ಕೇಳಬೇಕಂತ ಬ್ಯಾರೆ.”

“ಒಂದು ತಿಂಗಳು ಕೊಡು. ಗದ್ದಲ ತೆಗೆದು ಸ್ವಚ್ಛ ಮಾಡಿ ಕೊಡ್ತೀನಿ.”

“ನೀನು ಜವಾಬು ಕದ್ದು ಕೇಳೀಯ ಮತ್ತ.”

“ಕೇಳಿದ್ರ ನಿನಗಿಂತ ಚಲೋ ಹೇಳ್ತೀನಿ ಅಂತ ಹೆದರಿಕಿ ಏನಲೇ?”

ಇಬ್ಬರೂ ನಕ್ಕರು. ಆಮೇಲೆ ಇಬ್ಬರೂ ಕೂಡಿ ನಕ್ಕದ್ದಿಲ್ಲ.

ಮುಜಾಫರನ ಹತ್ತಿರ ಟೇಪ್ ಡೆಕ್ ಎರವಲು ತಂದು, ಟೇಪು ತಾಗಿ ಓಡುವ ಅದರ ತಲೆಯನ್ನು ಸ್ಪಿರಿಟಿನಲ್ಲಿ ಒರೆಸಿ, ಅಜರುದ್ದೀನ್ ಕೆಲಸ ಶುರು ಮಾಡಿದ. ಟೇಪಿನ ಮೇಲಿನ ಲೇಪ ಅಂದರೆ ಕಬ್ಬಿಣದ ತುಕ್ಕು, ಯಾರ್ಡಿನಲ್ಲಿ ಅವನು ದಿನಾ ಎತ್ತಿ ಹಾಕುವ ಕೆಂಪಿನ ನೆಂಟ. ಹೊಗೆಗೆ, ಸೆಕೆಗೆ ಅದು ಬಿರಿದಿತ್ತು. ಒಮ್ಮೆ ಓಡಿದ ಟೇಪು ಡೆಕ್ಕಿನ ತಲೆಯ ಮೇಲೆ ಕೆಂಪು ಪುಡಿ ಉದುರಿಸಿ, ತಾನು ಅಲ್ಲಲ್ಲಿ ಗಾಜಿನ ಹಾಗೆ ಪಾರದರ್ಶಕವಾಗಿ ಹೊರಗೆ ಬರುತ್ತಿತ್ತು. ಎರಡನೇ ಸಲ ಓಡಿಸಿದರೆ ಬರೀ ಸುಯ್ಯೆನ್ನುತ್ತಿತ್ತು. ಒಂದೊಂದು ಕ್ಯಾಸೆಟ್ಟಿಗೂ ಒಂದೇ ಓಟ ಎಂದು ಅವನಿಗೆ ಮೊದಲನೆಯದರಲ್ಲೇ ಗೊತ್ತಾಯಿತು. ಹಾಗಾಗಿ ಬಹಳ ಜೋಪಾನವಾಗಿ ಮಾಡಿದ. ಡ್ಯೂಟಿ ಮುಗಿಸಿ ಬಂದು, ಕೈ ಮೂರು ಸಲ ತೊಳೆದು, ಖುಷ್ಬೂಗೆ ಮಿಕ್ಸಿ ಹಚ್ಚಬೇಡ ಎಂದು ಹೇಳಿ ಕೂರುತ್ತಿದ್ದ.

ಡಬ್ಬಿಯ ಮೂಲಕ ಕೇಳಿದಾಗ ಎಡಗಿವಿಯಲ್ಲಿ ಅವನ ಅಪ್ಪ ಎದ್ದು ಕೂತ. ಕಲಾಯಿಯವನ ಕೆಮ್ಮು, ಸವಾಲಿನ ಮೊದಲು ಗಂಟಲು ಸರಿ ಮಾಡಿಕೊಳ್ಳುವುದು, ಎಲ್ಲ. ಸವಾಲು ಮುಗಿದ ಮೇಲೆ ದೊಡ್ಡಬಸಪ್ಪನ ದನಿ ಹಲಗೆಯ ಹಿಂದೆ, ಆಚೆ ಓಣಿಯಲ್ಲಿ ಯಾರೋ ಜಗಳಾಡಿದಷ್ಟು ಸಣ್ಣಗೆ ಕೇಳುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ. ದೊಡ್ಡಬಸಪ್ಪನ ಮೈಕು ಆವತ್ತು ಕೆಟ್ಟಿತ್ತು ಎಂದು ಅಜರುದ್ದೀನ್ ಅಂದುಕೊಂಡ.

ಪರದೆಯ ಮೇಲೆ ಎರಡು ಗೆರೆಗಳು ಓಡುತ್ತಿದ್ದವು. ಮೇಲಿನದು ಎಡಗಡೆಯದು, ಕೆಳಗಿನದು ಬಲಗಡೆಯದು. ಮೇಲಿನ ಗೆರೆ ಸವಾಲಿಗೆ ಉಬ್ಬುತ್ತಿತ್ತು. ಸವಾಲು ಮುಗಿದು ಅದು ತಗ್ಗಿದಾಗ ಕೆಳಗಿನ ಗೆರೆ ಉಬ್ಬುತ್ತಿತ್ತು, ಅಷ್ಟೇ ದಪ್ಪಗೆ, ಅಷ್ಟೇ ಹೊತ್ತು. ಕಣ್ಣಿದ್ದ ಯಾರಿಗಾದರೂ ಅದು ಮಾತು ಎಂದು ತಿಳಿಯುತ್ತಿತ್ತು. ಅವನು ಅದನ್ನು ನೋಡಿದ, ಬಲಗಡೆ ಏನೂ ಕೇಳಲಿಲ್ಲ, ಜನರೇಟರಿನ ಗದ್ದಲ ಅಂದುಕೊಂಡ. ಗದ್ದಲ ತೆಗೆದು ಸ್ವಚ್ಛ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದನಲ್ಲ. ಡಿಸ್ಕಿನಲ್ಲಿ ಜಾಗವೂ ಇರಲಿಲ್ಲ. ಒಂದೊಂದೇ ಕ್ಯಾಸೆಟ್ಟು ಮುಗಿದ ಹಾಗೆ ಕೆಳಗಿನ ಗೆರೆಯನ್ನು ಅಳಿಸಿದ, ಮೇಲಿನದನ್ನು ಎರಡೂ ಕಡೆಗೆ ಹಾಕಿ ಉಳಿಸಿದ. ಈ ಡಬ್ಬಿಯಲ್ಲೂ ಕೇಳದ್ದು ಎಲ್ಲೂ ಇರಲಾರದು ಎಂಬ ನಂಬಿಕೆ ಅವನಿಗಿತ್ತು. ಹೆಡ್‌ಫೋನ್ ತಿರುವುವುದು ಎರಡು ಸಲ ಮನಸ್ಸಿಗೆ ಬಂತು. ಎರಡು ಸಲವೂ ಚಹಾ ಕುಡಿಯಲು ಎದ್ದು ಹೋದ.

ಹನ್ನೊಂದನೆಯ ಕ್ಯಾಸೆಟ್ಟು ಮುಗಿದಾಗ ಕುರುಗೋಡಿನ ಬಸ್ಸಿಗೆ ಹೊತ್ತಾಗಿತ್ತು. ಅದನ್ನು ಹಾಗೇ, ಸ್ವಚ್ಛ ಮಾಡದೆ, ಮಿಕ್ಕ ಹತ್ತರ ಜೊತೆ ಪೆನ್ ಡ್ರೈವಿಗೆ ಹಾಕಿಕೊಂಡು ಹೊರಟ.

ಅಮರೇಶ್ ಮಿಲ್ಲಿನ ಲ್ಯಾಪ್‌ಟಾಪ್ ತಂದಿದ್ದ. ದೊಡ್ಡಬಸಪ್ಪನ ಮನೆಯ ಪಡಸಾಲೆಯಲ್ಲಿ ಅಜರುದ್ದೀನ್ ಡಬ್ಬಿ ಸಿಕ್ಕಿಸಿದ. ಮೊದಲು ಅವ್ವ ಕೇಳಲಿ ಎಂದು ಅಮರೇಶ್ ಹೇಳಿದ. ದೊಡ್ಡಬಸಪ್ಪನ ಹೆಂಡತಿ ಚನ್ನವೀರಮ್ಮ ಕೈ ಒರೆಸಿಕೊಂಡು ಬಂದು, ಸೆರಗು ಸರಿಸಿ, ಹೆಡ್‌ಫೋನ್ ಹಾಕಿಸಿಕೊಂಡಳು.

“ಜೋರಾತೇನು ದೊಡ್ಡವ್ವ?” ಅಂದ ಅಜರುದ್ದೀನ್.

“ಬಾಯಿ ಮುಚ್ಚಲೇ. ನಿಮ್ಮಪ್ಪ ಹಾಡಾಕತ್ತಾನ.”

ಪಕ್ಕದಲ್ಲಿ ಕೂತವರಿಗೂ ಅದು ನೊಣ ಗುಂಯ್‌ಗುಟ್ಟಿದಷ್ಟು ಕೇಳುತ್ತಿತ್ತು. ನೀರಿನ ದಂಡ್ಯಾಗ ನಿಂತಾವ ಬಾಯಾರಿ ಸತ್ತದ್ಯಾಕ, ಹೇಳೋ ಸರದಾರ. ಸವಾಲು ಮುಗಿಯಿತು. ಚನ್ನವೀರಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡಳು. ಕಾದಳು. ಹಲಗೆಯ ಸದ್ದಿನ ಹಿಂದೆ ಮಾತು ತಿಳಿಯದ ಒಂದು ಸಣ್ಣ ಗೊಣಗು ಸರಿದುಹೋಯಿತು. ಮತ್ತೆ ಇಮಾಮಸಾಬನ ಮುಂದಿನ ಸವಾಲು ಬಂತು, ಮುಗಿಯಿತು. ಅವಳು ಮತ್ತೆ ಕಾದಳು. ಮೂರನೇ ಸಲ ಅಮರೇಶನ ಕಡೆ ನೋಡಿದಳು.

“ಇಮಾಮಸಾಬಣ್ಣ ಕೇಳೇ ಕೇಳಾಕತ್ತಾನ. ಇವರ್ಯಾಕ ಸುಮ್ಮನ ಅದಾರ?”

ಅಮರೇಶ್ ಹೆಡ್‌ಫೋನ್ ತೆಗೆದುಕೊಂಡು ತಾನು ಹಾಕಿಕೊಂಡ. ಒಂದು ಫೈಲು ಕೇಳಿದ. ಇನ್ನೊಂದು ತೆಗೆದ. ಹತ್ತನ್ನೂ ಅಲ್ಲಲ್ಲಿ ಕೇಳಿದ.

“ನಮ್ಮಪ್ಪ ಎಲ್ಲಿ?”

“ಮೈಕು ಕೆಟ್ಟಿತ್ತು ಅವತ್ತು. ಬಲಗಡೆ ಬರೇ ಗದ್ದಲ ಇತ್ತು. ತೆಗೆದೆ.”

“ತೆಗೆದೆ ಅಂದ್ರ?”

“ಅಳಿಸಿದೆ.”

“ನಿಮ್ಮಪ್ಪನ್ನ ಎರಡೂ ಕಿವಿಗೆ ಇಟ್ಟು ನಮ್ಮಪ್ಪನ್ನ ಅಳಿಸಿದಿ. ಗದ್ದಲ ಅಂತ.”

“ಇರಲಿಲ್ಲಲೇ. ಇದ್ದಿದ್ರ ನನಗ ಕೇಳ್ತಿದ್ದಿಲ್ಲೇನು? ಹನ್ನೊಂದನೇದು ಹಂಗ ಐತಿ. ನೀನ ನೋಡಿಕೋ.”

ಅಮರೇಶ್ ಹನ್ನೊಂದನೆಯದನ್ನು ತೆಗೆದ. ಇಮಾಮಸಾಬನ ಸವಾಲು ಕೇಳಿದ. ಆಮೇಲೆ ಅವನ ಮುಖ ಬಿಗಿಯಿತು. ಕೊನೆತನಕ ಕೇಳಿದ. ಹೆಡ್‌ಫೋನನ್ನು ಅಜರುದ್ದೀನನ ತಲೆಗೆ ಹಾಕಿದ, ಎಲ್ ಎಡಕ್ಕೆ, ಆರ್ ಬಲಕ್ಕೆ.

“ಹೇಳು. ಬಲಗಡೆ ಏನೈತಿ?”

“ಏನಿಲ್ಲ. ಹೇಳಿದೆನಲ್ಲ.”

ಅಮರೇಶ್ ಅದನ್ನು ಅವನ ತಲೆಯಿಂದ ಕಿತ್ತು, ತಿರುವಿ, ಮತ್ತೆ ಒತ್ತಿ ಹಾಕಿದ.

ದೊಡ್ಡಬಸಪ್ಪ ಅವನ ಎಡಗಿವಿಗೆ ಬಾಯಿ ಹಚ್ಚಿ ಜವಾಬು ಹೇಳುತ್ತಿದ್ದ. ಒಂದೊಂದು ಅಕ್ಷರ ಬಿಡಿಬಿಡಿಯಾಗಿತ್ತು. ಗಿರಣಿಯವನ ದಪ್ಪ ದನಿ, ಸಾಲಿನ ಕೊನೆಗೆ ಹೂಂ ಅನ್ನುವ ಅವನ ರೂಢಿ, ಎಲ್ಲ ಇತ್ತು. ಡಬ್ಬಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು.

ಅಜರುದ್ದೀನ್ ಹೆಡ್‌ಫೋನ್ ತೆಗೆದು ಚಾಪೆಯ ಮೇಲಿಟ್ಟ.

“ಎಂದಿನಿಂದ?” ಅಂದ ಅಮರೇಶ್.

“ಎರಡು ವರ್ಷ.”

“ಗೊತ್ತಿತ್ತು ನಿನಗ.”

ಅಜರುದ್ದೀನ್ ಡಬ್ಬಿಯ ತಂತಿ ಕಿತ್ತು ಸುತ್ತತೊಡಗಿದ.

“ಕಿವುಡ ಅದೀನಿ ಅಂತ ಒಂದು ಮಾತು ಹೇಳಿದ್ರ ನಾನ ಕೂತು ಕೇಳ್ತಿದ್ದೆ. ಒಂದು ಮಾತು. ನಿನ್ನ ಲೋಡರ್ ಉಳಿಸಿಕೊಳ್ಳಾಕ ನಮ್ಮಪ್ಪನ್ನ ಮಣ್ಣು ಮಾಡಿದಿ. ನಾವು ಒಮ್ಮಿ ಮಾಡಿದ್ವಿ, ನೀನು ಮತ್ತೊಮ್ಮಿ ಮಾಡಿದಿ.”

“ನಾನೇನು ಬೇಕಂತ ಮಾಡಿಲ್ಲ.”

“ಬೇಕಂತ ಮಾಡಿದ್ರ ಚಲೋ ಇತ್ತು. ಹೊಡೆದು ಕಳಿಸ್ತಿದ್ದೆ.”

ಚನ್ನವೀರಮ್ಮ ಅಲ್ಲೇ ಕೂತಿದ್ದಳು. “ಮತ್ತೊಮ್ಮಿ ಟೇಪು ಹಾಕ್ರಿ,” ಅಂದಳು. ಟೇಪಿನಲ್ಲಿ ಏನೂ ಉಳಿದಿಲ್ಲ ಎಂದು ಇಬ್ಬರಲ್ಲಿ ಒಬ್ಬರು ಹೇಳಬೇಕಿತ್ತು. ಅಜರುದ್ದೀನ್ ಹೇಳಿದ. ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪಕ್ಕದ ಮನೆಯ ಪಕ್ಕೀರಮ್ಮನಿಗೆ ಗೋಡೆಯಾಚೆಯಿಂದ ಅಳಿಸಿದಿ ಎಂಬ ಮಾತಷ್ಟೇ ಕೇಳಿತ್ತು. ಸಂಜೆಯ ಹೊತ್ತಿಗೆ ಕುರುಗೋಡಿನಲ್ಲಿ ಸುದ್ದಿ ಹೀಗಿತ್ತು: ಸಾಬರ ಹುಡುಗ ದೊಡ್ಡಬಸಪ್ಪನ ದನಿಯನ್ನು ಬೇಕೆಂದೇ ಅಳಿಸಿದ್ದಾನೆ, ಇನ್ನು ಮುಂದೆ ಅಲಾಯಿ ಪದ ತಮ್ಮೊಬ್ಬರದೇ ಆಗಲಿ ಎಂದು. ಅಂಥ ಸುದ್ದಿಗೆ ಕಾದು ಕೂತವರು ಊರಿನಲ್ಲಿ ಎರಡೂ ಕಡೆ ಇದ್ದರು. ಈ ಸಲ ಹಬ್ಬಕ್ಕೆ ಹಲಗೆ ಬಡಿಯುವುದಿಲ್ಲ ಎಂದು ಒಬ್ಬರು, ಬಡಿಯದಿದ್ದರೆ ಬಿಡಿ ಎಂದು ಇನ್ನೊಬ್ಬರು.

ಮರುದಿನ ಮುಂಜಾನೆ ಹಿರಿಯ ಮರಿಬಸಪ್ಪ ಇಬ್ಬರನ್ನೂ ಪೀರಲ ಮಸೂತಿ ಕಟ್ಟೆಗೆ ಕರೆಸಿದ. ಕಟ್ಟೆಯ ಸುತ್ತ ಊರು ನಿಂತಿತ್ತು. ಮುಂದಿನ ಸಾಲಿನಲ್ಲೇ ಅಜರುದ್ದೀನನ ಯಾರ್ಡಿಗೆ ಲಾರಿ ಓಡಿಸುವ ಇಬ್ಬರು ಡ್ರೈವರುಗಳು. ಇಲ್ಲಿ ಬಾಯಿ ಬಿಟ್ಟರೆ ನಾಳೆ ಗೇಟಿನಲ್ಲಿ ಗೊತ್ತಾಗುತ್ತದೆ. ಬಿಡದಿದ್ದರೆ ಊರು ಹೇಳಿದ್ದೇ ನಿಜವಾಗುತ್ತದೆ.

“ಯಾಕ ಅಳಿಸಿದಿ, ಹೇಳಪಾ,” ಅಂದ ಮರಿಬಸಪ್ಪ.

ಅಜರುದ್ದೀನ್ ಡ್ರೈವರುಗಳನ್ನು ನೋಡಿದ. ಅಮರೇಶನನ್ನು ನೋಡಿದ. ಅಮರೇಶನಿಗೆ ಕಾರಣ ಗೊತ್ತಿತ್ತು. ಅವನು ಬಾಯಿ ಬಿಡಲಿಲ್ಲ.

“ನನಗ ಬಲಗಿವಿ ಕೇಳಂಗಿಲ್ಲ,” ಅಂದ ಅಜರುದ್ದೀನ್.

“ಈಗ ಕೇಳಂಗಿಲ್ಲೇನು, ಮೊದಲಿನಿಂದ ಕೇಳಂಗಿಲ್ಲೇನು?” ಅಂತ ಯಾರೋ ಅಂದರು. ನಗು.

“ಪರೀಕ್ಷಾ ಮಾಡ್ರಿ,” ಅಂದ ಇನ್ನೊಬ್ಬ.

ಆಗ ಅಮರೇಶ್ ಮುಂದೆ ಬಂದ. ಅಜರುದ್ದೀನನ ಎಡಗಿವಿಯ ಮೇಲೆ ಅಂಗೈ ಇಟ್ಟು ಬಲವಾಗಿ ಒತ್ತಿ ಹಿಡಿದ. ತಲೆ ನೋಯುವಷ್ಟು ಒತ್ತಿದ, ಅಷ್ಟು ಬೇಕಿರಲಿಲ್ಲ. ಜನ ಒಬ್ಬೊಬ್ಬರಾಗಿ ಅಜರುದ್ದೀನನ ಬಲಕ್ಕೆ ಬಂದು ಏನೇನೋ ಹೇಳಿದರು. ಅವನು ಎದುರಿಗೆ ನೋಡುತ್ತಾ ನಿಂತ. ಎದುರಿನವರ ಬಾಯಿಗಳು ನಗುವುದು ಕಂಡಿತು. ಒಬ್ಬ ಮುದುಕ ಮುಖ ಸಿಂಡರಿಸಿ ಅತ್ತ ತಿರುಗಿದ್ದು ಕಂಡಿತು. ಅವನ ತಾಯಿಯನ್ನು ಬೈದರೋ, ಧರ್ಮವನ್ನು ಬೈದರೋ, ಬರೀ ಹೆಸರು ಕರೆದರೋ, ಅವನಿಗೆ ಇವತ್ತಿಗೂ ಗೊತ್ತಿಲ್ಲ. ಮರಿಬಸಪ್ಪ ಸಾಕು ಅನ್ನುವವರೆಗೆ ಅದು ನಡೆಯಿತು.

“ನಿಜ ಐತಿ,” ಅಂದ ಮರಿಬಸಪ್ಪ. “ಬೇಕಂತ ಮಾಡಿಲ್ಲ. ಹಬ್ಬ ಆಗಲಿ.”

ಹಬ್ಬ ಉಳಿಯಿತು. ಯಾರ್ಡಿನಲ್ಲಿ ಅದೇ ವಾರ ಮತ್ತೊಮ್ಮೆ ಕಿವಿ ಪರೀಕ್ಷೆಯಾಯಿತು, ಅವನೊಬ್ಬನಿಗೆ. ಈ ಸಲ ನರ್ಸಮ್ಮನನ್ನು ಅವನ ಬೆನ್ನ ಹಿಂದೆ ಕೂರಿಸಿದ್ದರು. ಟೈರಿನ ವಿಷಯ ಹೇಳಿದಾಗ ಸೂಪರ್‌ವೈಸರ್, “ಆವಾಗ್ಲೇ ಹೇಳಬೇಕಾಗಿತ್ತಲ್ಲಪಾ,” ಅಂದ. ಆವಾಗ ಹತ್ತಿ ಕೊಟ್ಟಿದ್ದು ಅವನೇ.

ಮನೆಯಲ್ಲಿ ಖುಷ್ಬೂ ಎಲ್ಲ ಕೇಳಿಸಿಕೊಂಡು ಅವನ ಎಡಕ್ಕೆ ಬಂದು ಕೂತಳು. “ಎರಡು ವರ್ಷ ನನ್ನ ಜೋಡಿ ಸೊಕ್ಕು ಮಾಡಿದ್ರಿ ಅಂತ ತಿಳ್ಕೊಂಡಿದ್ದೆ. ಅದೂ ಸುಳ್ಳು,” ಅಂದಳು.

ಡಿಸೆಂಬರಿನ ಕೊನೆಗೆ ಅಲಾಯಿ ಕುಣಿಯ ಒಂದು ಕಡೆ ಅಜರುದ್ದೀನ್, ಇನ್ನೊಂದು ಕಡೆ ಅಮರೇಶ್ ನಿಂತರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹನ್ನೊಂದನೇ ಕ್ಯಾಸೆಟ್ಟಿನ ಸವಾಲುಗಳನ್ನಷ್ಟೇ ಅಜರುದ್ದೀನ್ ಹಾಕಿದ. ಅಮರೇಶ್ ಜವಾಬು ಕೊಟ್ಟ, ಅಪ್ಪನ ಹಾಗೇ ಸಾಲಿನ ಕೊನೆಗೆ ಹೂಂ ಎಂದ. ಜನ ಮುಂದಿನದಕ್ಕೆ ಕಾದರು. ಮುಂದಿನದು ಇರಲಿಲ್ಲ. ಹಲಗೆಯವನು ಹಲಗೆಯನ್ನು ಬೆಂಕಿಗೆ ಕಾಯಿಸಲು ಒಯ್ದ.

ಕ್ಯಾಸೆಟ್ಟು ಹನ್ನೊಂದು. ಸವಾಲು ಮೂವತ್ತನಾಲ್ಕು ಇದ್ದವು, ಅಷ್ಟೂ ಉಳಿದವು. ಜವಾಬು ಮೂವತ್ತನಾಲ್ಕು ಇದ್ದವು, ಮೂರು ಉಳಿದವು, ಮೂವತ್ತೊಂದು ಹೋದವು. ಒಂದು ಕಿವಿ ಹೋಯಿತು. ಒಂದು ನೌಕರಿ ಹೋಯಿತು.